ನರ್ಸಮ್ಮನ ಮನಸ್ಸಿಗೂ ದಣಿವಿದೆ

ನಮಗೆ ಕಾಯಿಲೆ ಬಂದರೆ ನರ್ಸಮ್ಮ ನೋಡುತ್ತಾರೆ. ನರ್ಸಮ್ಮನ ಮನಸ್ಸು ನೊಂದರೆ ಯಾರು ನೋಡಬೇಕು? ಬನ್ನಿ, ಓದಿ ತಿಳಿಯೋಣ.

2020ರಲ್ಲಿ ಕೊರೋನಾ ಬಂತು. ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ನಾವು ಮನೆಯೊಳಗೆ ಉಳಿದೆವು. ನರ್ಸಮ್ಮಂದಿರು ಕೆಲಸಕ್ಕೆ ಹೋಗಲೇಬೇಕಿತ್ತು.

ಅಲ್ಲಿ ಅವರು ಮೈತುಂಬ ಮುಚ್ಚುವ ಕಿಟ್ ತೊಟ್ಟರು. ಅದರೊಳಗೆ ಗಾಳಿ ಆಡದು. ಮೈಯೆಲ್ಲ ಬೆವರು. ಗಂಟೆಗಟ್ಟಲೆ ನೀರು ಕುಡಿಯೋ ಹಾಗಿಲ್ಲ. ಶೌಚಕ್ಕೆ ಹೋಗೋ ಹಾಗಿಲ್ಲ. ಮುಟ್ಟಿನ ದಿನಗಳಲ್ಲೂ ಅದೇ ಪಾಡು.

ರೋಗಿಯ ಹತ್ತಿರ ಮನೆಯವರನ್ನು ಬಿಡುತ್ತಿರಲಿಲ್ಲ. ಎಷ್ಟೋ ಜನರ ಕೊನೆಯ ಉಸಿರಿನ ಹೊತ್ತಿಗೆ ಪಕ್ಕದಲ್ಲಿದ್ದವರು ನರ್ಸಮ್ಮ. 2021ರ ಎರಡನೇ ಅಲೆಯಲ್ಲಿ ಹಾಸಿಗೆ ಸಾಲಲಿಲ್ಲ. ಆಮ್ಲಜನಕವೂ ಸಾಲಲಿಲ್ಲ. ಕಣ್ಣೆದುರೇ ಸಾವು ನೋಡಬೇಕಾಯಿತು.

ಮನೆಗೆ ಬಂದರೆ ಇನ್ನೊಂದು ಭಯ. ‘ನನ್ನಿಂದ ಮಗುವಿಗೆ ರೋಗ ಅಂಟಿದರೆ?’ ಎಷ್ಟೋ ತಾಯಂದಿರು ಮಕ್ಕಳನ್ನು ಎತ್ತಿಕೊಳ್ಳದೆ ದೂರ ಉಳಿದರು. ಕೆಲವು ಕಡೆ ‘ಬಾಡಿಗೆ ಮನೆ ಖಾಲಿ ಮಾಡಿ’ ಎಂದರು. ಹೊಡೆದದ್ದೂ ಉಂಟು. ಆರೋಗ್ಯ ಕೆಲಸಗಾರರ ಮೇಲೆ ಕೈ ಮಾಡಿದರೆ ಜೈಲು ಎಂದು 2020ರ ಏಪ್ರಿಲ್‌ನಲ್ಲಿ ಸರ್ಕಾರ ಕಾನೂನು ತರಬೇಕಾಯಿತು.

ಇಷ್ಟೆಲ್ಲ ಹೊತ್ತರೆ ಮನಸ್ಸು ದಣಿಯದೇ? ನಿದ್ದೆ ಬರೋದಿಲ್ಲ. ಊಟ ಸೇರೋದಿಲ್ಲ. ಎದೆ ಡವಡವ ಅನ್ನುತ್ತೆ. ಸುಮ್ಮಸುಮ್ಮನೆ ಅಳು, ಸಿಟ್ಟು ಬರುತ್ತೆ. ‘ನಾನು ಅವರನ್ನು ಉಳಿಸಲಿಲ್ಲವಲ್ಲ’ ಎಂಬ ಕೊರಗು ಕಾಡುತ್ತೆ. ರೋಗ ಇಳಿದ ಮೇಲೂ ಈ ನೋವು ಉಳಿಯಬಹುದು.

ಇದು ದೆವ್ವದ ಕಾಟ ಅಲ್ಲ. ಹೇಡಿತನವೂ ಅಲ್ಲ. ಭಾರ ಹೊತ್ತ ಹೆಗಲು ನೋಯುತ್ತದೆ. ಮನಸ್ಸೂ ಹಾಗೆಯೇ.

ಇದಕ್ಕೆ ಪರಿಹಾರ ಇದೆ. ಆಸ್ಪತ್ರೆಯವರು ಸರಿಯಾದ ಪಾಳಿ, ರಜೆ ಕೊಡಬೇಕು. ಮನಸ್ಸಿನ ಮಾತನ್ನು ಜೊತೆಯವರ ಹತ್ತಿರ ಹೇಳಿಕೊಳ್ಳಬೇಕು. ಎರಡು ವಾರವಾದರೂ ನೋವು ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಸಾಯಬೇಕು ಅನ್ನಿಸಿದರೆ ಒಂದು ದಿನವೂ ಕಾಯಬಾರದು. 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮನಸ್. 2022ರಲ್ಲಿ ಸರ್ಕಾರ ಶುರು ಮಾಡಿದ ಸೇವೆ. ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು. ಕಾಸು ಕೊಡಬೇಕಾಗಿಲ್ಲ. ನರ್ಸಮ್ಮನಿಗೂ ಆಗುತ್ತೆ, ನಮಗೂ ಆಗುತ್ತೆ.

ನಮ್ಮ ಕೆಲಸವೂ ಇದೆ. ನರ್ಸಮ್ಮ ಎದುರಾದರೆ ‘ಊಟ ಆಯ್ತಾ ಅಕ್ಕ? ನಿದ್ದೆ ಬಂತಾ?’ ಎಂದು ಕೇಳೋಣ. ಹೇಳಿದ್ದನ್ನು ಕಿವಿಗೊಟ್ಟು ಕೇಳೋಣ. ಊರೆಲ್ಲ ಹಬ್ಬಿಸೋದು ಬೇಡ.

ಕೂಡಿ ಮಾತಾಡೋಣ:
1. ಕೊರೋನಾ ಕಾಲದಲ್ಲಿ ನಮ್ಮೂರು ನರ್ಸಮ್ಮನನ್ನು ಹೇಗೆ ನಡೆಸಿಕೊಂಡಿತು?
2. ಮನಸ್ಸು ದಣಿದಿದೆ ಎಂದು ಹೇಗೆ ಗೊತ್ತಾಗುತ್ತೆ?
3. 14416. ಈ ನಂಬರನ್ನು ಗೋಡೆಯ ಮೇಲೆ ಬರೆಯಿರಿ.