ಬಡ್ಡಿ ಸೊನ್ನೆ ಬಂತೆಂದು ಕೋರ್ಸ್ ಬಿಡಬೇಕೆ?

ಪ್ರಶ್ನೆ: ನಾನು ಬಿಸಿಎ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಪಿಯುಸಿವರೆಗೂ ಕನ್ನಡ ಮಾಧ್ಯಮ, ಅದೂ ಕಾಮರ್ಸ್. ಲ್ಯಾಬ್‌ನಲ್ಲಿ ಚಕ್ರಬಡ್ಡಿ ಲೆಕ್ಕದ ಸಿ ಪ್ರೋಗ್ರಾಂ ಬರೆಯಲು ಹೇಳಿದರು. ಅಸಲು, ದರ, ವರ್ಷ ಮೂರನ್ನೂ ‘ಇಂಟ್’ ಎಂದು ಬರೆದುಕೊಂಡು ಸೂತ್ರ ಹಾಕಿದೆ. ಒಂದೂ ಎರರ್ ಬರಲಿಲ್ಲ. ಆದರೆ 10,000 ರೂಪಾಯಿಗೆ ಶೇ 8ರಂತೆ 3 ವರ್ಷದ ಬಡ್ಡಿ 0.000000 ಎಂದು ತೋರಿಸಿತು. ದರ 8.5 ಕೊಟ್ಟು ನೋಡಿದರೆ ವರ್ಷ ಟೈಪ್ ಮಾಡಲೂ ಬಿಡದೆ ಮತ್ತೆ ಅದೇ ಸೊನ್ನೆ. ಉಳಿದವರು ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆದು ಸಹಿ ಮಾಡಿಸಿಕೊಂಡರು. ಕೊನೆಗೆ ನಾನೂ ಅದನ್ನೇ ಮಾಡಿದೆ. ಈ ಕೋರ್ಸ್ ನನಗೆ ಹೇಳಿ ಮಾಡಿಸಿದ್ದಲ್ಲವೇನೋ. ಬಿಟ್ಟು ಬಿಕಾಂ ಸೇರಲೇ? ಅಪ್ಪನಿಗೆ ಹೇಳಲು ಧೈರ್ಯ ಸಾಲುತ್ತಿಲ್ಲ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಅಪ್ಪನಿಗೆ ಸದ್ಯ ಏನೂ ಹೇಳಬೇಡಿ. ಹೇಳುವಂಥದ್ದು ಇನ್ನೂ ಏನೂ ಆಗಿಲ್ಲ.

ಮೊದಲು ಆ ಸೊನ್ನೆಯ ವಿಚಾರ. 8ನ್ನು 100ರಿಂದ ಭಾಗಿಸಿ ಎಂದರೆ ಪ್ರಾಥಮಿಕ ಶಾಲೆಯ ಮಗು ಏನು ಹೇಳುತ್ತದೆ? ಭಾಗಲಬ್ಧ 0, ಶೇಷ 8. ಸಿ ಭಾಷೆಯೂ ಅಷ್ಟೇ ಹೇಳುತ್ತದೆ. ಎರಡೂ ಕಡೆ ‘ಇಂಟ್’, ಅಂದರೆ ಪೂರ್ಣಾಂಕ, ಇದ್ದರೆ ಉತ್ತರವೂ ‘ಇಂಟ್’. ದಶಮಾಂಶದ ಭಾಗ ಕೈಬಿಟ್ಟುಹೋಗುತ್ತದೆ. ಹಾಗಾಗಿ ನಿಮ್ಮ ಸೂತ್ರದ ಆವರಣದೊಳಗೆ 1ಕ್ಕೆ 0 ಸೇರಿ 1 ಆಯಿತು. ಒಂದರ ಘಾತ ಎಷ್ಟಾದರೂ ಒಂದೇ. ಅಸಲಿನಿಂದ ಅಸಲು ಕಳೆದರೆ ಸೊನ್ನೆ. ಯಂತ್ರ ನಿಮ್ಮ ಮಾತನ್ನು ಅಕ್ಷರಶಃ ಪಾಲಿಸಿದೆ, ಅದಕ್ಕೇ ಎರರ್ ಕೂಡ ಬಂದಿಲ್ಲ.

8.5ರದ್ದು ಇನ್ನೂ ಸ್ವಾರಸ್ಯದ ಕಥೆ. ‘ಸ್ಕ್ಯಾನ್‌ಎಫ್’ಗೆ ನೀವು ಪೂರ್ಣಾಂಕ ಓದು ಎಂದಿದ್ದಿರಿ. ಅದು 8 ಎತ್ತಿಕೊಂಡು, ಚುಕ್ಕಿ ಕಂಡಕೂಡಲೇ ನಿಂತಿತು. ಉಳಿದ ‘.5’ ಅಲ್ಲೇ ಕಾಯುತ್ತ ಕೂತಿತು. ವರ್ಷ ಓದುವ ಸರದಿ ಬಂದಾಗ ಎದುರಿಗೆ ಸಿಕ್ಕಿದ್ದು ಅದೇ ಚುಕ್ಕಿ. ಅದು ಪೂರ್ಣಾಂಕವಲ್ಲವಾದ್ದರಿಂದ ಏನನ್ನೂ ಓದದೆ ಮುಂದೆ ಹೋಯಿತು. ದರವನ್ನು ದಶಮಾಂಶ ಹಿಡಿಯುವ ‘ಡಬಲ್’ ಎಂದು ಘೋಷಿಸಿ, ‘ಪರ್ಸೆಂಟ್ ಎಲ್‌ಎಫ್’ ಹಾಕಿ ಓದಿಸಿ. ಎರಡೂ ತೊಂದರೆ ಒಟ್ಟಿಗೇ ಹೋಗುತ್ತವೆ. ಅಸಲನ್ನೂ ಡಬಲ್ ಮಾಡಿಬಿಡಿ. ನಿಮ್ಮ ಲ್ಯಾಬ್‌ನಲ್ಲಿ ಹಳೆಯ ಟರ್ಬೊ ಸಿ ಇದ್ದರಂತೂ ಅಲ್ಲಿನ ‘ಇಂಟ್’ 32,767 ದಾಟುವುದಿಲ್ಲ, ಅದಕ್ಕಿಂತ ದೊಡ್ಡ ಸಾಲವನ್ನು ಅದರಲ್ಲಿ ಇಡಲಾಗದು.

ಇಷ್ಟನ್ನು ನಿಮ್ಮ ಲೆಕ್ಚರರ್ ಐದು ನಿಮಿಷದಲ್ಲಿ ಹೇಳಬಹುದಿತ್ತು, ನೀವು ಕೇಳಬಹುದಿತ್ತು. ನನ್ನ ತಕರಾರು ಬೇರೆಯದು. ಪ್ರೋಗ್ರಾಂ ಬರೆಯುವ ಮುಂಚೆ ಉತ್ತರ ಎಷ್ಟು ಬರಬೇಕೆಂದು ಕಾಗದದ ಮೇಲೆ ಮಾಡಿಕೊಂಡಿದ್ದಿರಾ? ಕಾಮರ್ಸ್ ಓದಿದವರಿಗೆ ಅದು ಎಡಗೈ ಕೆಲಸ. ಮೊದಲ ವರ್ಷ 800, ಮೊತ್ತ 10,800. ಎರಡನೇ ವರ್ಷ 864, ಮೊತ್ತ 11,664. ಮೂರನೇ ವರ್ಷ 933.12. ಒಟ್ಟು 12,597.12, ಬಡ್ಡಿ 2,597.12. ಸರಳಬಡ್ಡಿಯಾಗಿದ್ದರೆ 2,400.

ಈಗ ಸೂತ್ರ, ಘಾತ ಲೆಕ್ಕ ಹಾಕುವ ‘ಪೌ’ ಎಲ್ಲ ಪಕ್ಕಕ್ಕಿಡಿ. ಕಾಗದದಲ್ಲಿ ಮಾಡಿದ್ದನ್ನೇ ‘ಫಾರ್’ ಲೂಪ್‌ನಲ್ಲಿ ಬರೆಯಿರಿ: ಮೊತ್ತ = ಮೊತ್ತ + ಮೊತ್ತ * ದರ / 100. ಪ್ರತಿ ಸುತ್ತಿನಲ್ಲೂ ಮೊತ್ತವನ್ನು ಪ್ರಿಂಟ್ ಮಾಡಿಸಿ, ಕಾಗದದ ಜೊತೆ ತಾಳೆ ನೋಡಿ. ಒಂದು ತಮಾಷೆ: ಇದನ್ನು ಬೇಕೆಂದೇ ‘ಇಂಟ್’ನಲ್ಲಿ ಮಾಡಿ ನೋಡಿ (ಟರ್ಬೊ ಸಿ ಬೇಡ, ಅಲ್ಲಿ ಗುಣಿಸುವಾಗಲೇ ‘ಇಂಟ್’ನ ಮಿತಿ ದಾಟುತ್ತದೆ). 12,597 ಬರುತ್ತದೆ, 12 ಪೈಸೆ ಮಾತ್ರ ಮಾಯ. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ ಪೈಸೆ ಹೋಗುತ್ತದೆ, ಮೊದಲೇ ಭಾಗಿಸಿದರೆ ಇಡೀ ಬಡ್ಡಿಯೇ ಹೋಗುತ್ತದೆ. ಸೀನಿಯರ್ ರೆಕಾರ್ಡ್ ನಕಲು ಮಾಡಿದವರಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಲೂಪ್ ಓಡಿದ ಮೇಲೆ ಊರಿನ ಲೆಕ್ಕವೊಂದನ್ನು ಕೊಡಿ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಕಟ್ಟದಿದ್ದರೆ ಅಸಲಿಗೆ ಸೇರುತ್ತದೆ ಎಂದಿಟ್ಟುಕೊಳ್ಳಿ. ದರ 2, ಸುತ್ತು 12. ಹತ್ತು ಸಾವಿರ ಒಂದು ವರ್ಷಕ್ಕೆ 12,682.42 ಆಗುತ್ತದೆ. ಇನ್ನು ಬ್ಯಾಂಕ್ ಠೇವಣಿ: ವರ್ಷಕ್ಕೆ ಶೇ 8, ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುವ ಲೆಕ್ಕ, 3 ವರ್ಷ. ಇಲ್ಲೂ ದರ 2, ಸುತ್ತು 12. ಅದೇ 12,682.42! ಬ್ಯಾಂಕ್ ಮೂರು ವರ್ಷಕ್ಕೆ ಕೊಡುವ ಬಡ್ಡಿಯನ್ನು ಕೈಸಾಲ ಒಂದೇ ವರ್ಷದಲ್ಲಿ ಕಿತ್ತುಕೊಳ್ಳುತ್ತದೆ. ಇದನ್ನು ಬೇಕಾದರೆ ಅಪ್ಪನಿಗೆ ತೋರಿಸಿ.

ಕನ್ನಡ ಮಾಧ್ಯಮದ ಅಳುಕು ನಿಮ್ಮ ಕಾಗದದ ತುಂಬ ಇದೆ. ಲೆಕ್ಚರರ್ ಇಂಗ್ಲಿಷಿನಲ್ಲಿ ಓಡಿಸಿಕೊಂಡು ಹೋಗುವ ಪಾಠ ಕಷ್ಟವೇ, ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ಸಿ ಭಾಷೆಯ ಇಂಗ್ಲಿಷ್ ಬೇರೆ. 1989ರ ಮಾನದಂಡದ ಪ್ರಕಾರ ಅದರ ಮೀಸಲು ಪದಗಳು ಒಟ್ಟು 32. ಈ ಲೆಕ್ಕಕ್ಕೆ ಬೇಕಾಗುವುದು ಇಂಟ್, ಡಬಲ್, ಫಾರ್, ರಿಟರ್ನ್; ನಾಲ್ಕೇ.

ನಕಲು ಮಾಡಿದ ಪುಟ ಹರಿಯಬೇಡಿ. ಮುಂದಿನ ಖಾಲಿ ಪುಟದಲ್ಲಿ ಲೂಪ್‌ನ ಪ್ರೋಗ್ರಾಂ ಬರೆದು, ಸೊನ್ನೆ ಬಂದ ಔಟ್‌ಪುಟ್ ಮತ್ತು ಸರಿ ಬಂದ ಔಟ್‌ಪುಟ್ ಎರಡನ್ನೂ ಅಂಟಿಸಿ ಲೆಕ್ಚರರ್ ಮುಂದಿಡಿ. ‘ಸರ್, ಇದು ನಾನೇ ಮಾಡಿದ್ದು’ ಎಂದರೆ ಸಾಕು. ಒಂದು ಮಾತು ಬೈದರೂ ಬೈಯಲಿ.

ಬಿಕಾಂ ಕಡಿಮೆಯದೆಂದು ನಾನು ಹೇಳುವುದಿಲ್ಲ. ಲೆಕ್ಕಪತ್ರವೇ ಇಷ್ಟವಾದರೆ ಹೋಗಿ. ಒಂದು ಪ್ರೋಗ್ರಾಂ ಕೈಕೊಟ್ಟಿತೆಂದು ಮಾತ್ರ ಹೋಗಬೇಡಿ. ಈ ಸೆಮಿಸ್ಟರಿನ ಉಳಿದ ಲ್ಯಾಬ್‌ಗಳನ್ನು ನಕಲಿಲ್ಲದೆ ಮುಗಿಸಿ. ಆಮೇಲೂ ಬೇಡವೆನಿಸಿದರೆ ಅಪ್ಪನ ಜೊತೆ ಕೂತು ಫೀಸು, ಒಂದು ವರ್ಷದ ನಷ್ಟ ಎಲ್ಲ ಲೆಕ್ಕ ಹಾಕಿ ತೀರ್ಮಾನಿಸಿ.