ದುಬೈಗೆ ಗಸಗಸೆ ಬೇಡಮ್ಮ

ಹೊಸಪೇಟೆಯ ತಾಯಿಯವರಿಗೆ,

ಪಾಸ್‌ಪೋರ್ಟಿನಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ ಎಂದಿರುವ ಚಿಂತೆ ಬಿಡಿ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತೆಂದು ಅದೇನೂ ರದ್ದಾಗುವುದಿಲ್ಲ. ದುಬೈಯಲ್ಲಿ ಇಳಿಯುವ ದಿನಕ್ಕೆ ಅದರ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು, ಅಷ್ಟೆ. ವೀಸಾ ಮಗಳೇ ಅಲ್ಲಿಂದ ಮಾಡಿಸಿ ಕಳಿಸಲಿ.

ನನಗೆ ದಿಗಿಲಾದದ್ದು ನಿಮ್ಮ ಸಾಮಾನಿನ ಪಟ್ಟಿ ನೋಡಿ. ಅಳಿಯಂದಿರಿಗೆ ಪಾಯಸ ಎಷ್ಟೇ ಇಷ್ಟವಿರಲಿ, ಗಸಗಸೆ ಮಾತ್ರ ಬೇಡ. ಯುಎಇಯಲ್ಲಿ ಅದು ಮಾದಕವಸ್ತುವಿನ ಲೆಕ್ಕ. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಗೆ ಹಾಕಿದ್ದರೆ ಅದನ್ನೂ ಬಿಟ್ಟುಹೋಗಿ. ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ಧಾರಾಳವಾಗಿ ಒಯ್ಯಿರಿ.

ಇನ್ನು ಮೊಮ್ಮಗನಿಗೆಂದು ಎತ್ತಿಟ್ಟ ವಿಜಯನಗರ ಕಾಲದ ತಾಮ್ರದ ಕಾಸು. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ, ಮುತ್ತಜ್ಜನ ಪೆಟ್ಟಿಗೆಯದೇ ಆದರೂ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಲ್ಲಿ ಇದಕ್ಕೆ ಜೈಲುಶಿಕ್ಷೆ ಆರು ತಿಂಗಳಿಂದ ಶುರು. ಹುಡುಗನಿಗೆ ಸಂಡೂರಿನ ಲಂಬಾಣಿ ಕಸೂತಿಯ ಚೀಲ ಕೊಡಿ, ಶಾಲೆಗೂ ಹಾಕಿಕೊಂಡು ಹೋಗುತ್ತಾನೆ.

ಹೆಂಗಸರಿಗೆ 40 ಗ್ರಾಂ ಒಡವೆಗೆ ಸುಂಕವಿಲ್ಲ ಎಂದು ನಿಮ್ಮ ಓರಗಿತ್ತಿ ಹೇಳಿದ್ದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವವರ ಮಾತು. ರಜೆಗೆ ಹೋಗಿಬರುವ ನಿಮಗಲ್ಲ. ಮೈಮೇಲಿನ ಬಳೆ, ಸರಕ್ಕೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ವಾಪಸು ಬಂದಾಗ ಯಾವಾಗ ಕೊಂಡಿರಿ ಎಂಬ ತಕರಾರು ಏಳುವುದಿಲ್ಲ.