ಕಡಲ ತಳದ ಕೆಸರಿನಿಂದ ಕರಗಿ ಬರುವುದೇನು?

ಪ್ರಶ್ನೆ: ಸಮುದ್ರದ ತಳದ ಕೆಸರಿನಿಂದ ‘ಕರಗಿದ ಸಾವಯವ ವಸ್ತು’ ನೀರಿಗೆ ಸೇರುತ್ತಲೇ ಇರುತ್ತದೆ ಎಂದು ಓದಿದೆ. ಕೆಸರು ತಳದಲ್ಲಿ ಸುಮ್ಮನೆ ಕೂತಿರುತ್ತದಲ್ಲ? ಅದರಿಂದ ಕರಗುವುದು ಏನು, ಅದು ಮೇಲೆ ಬರುವುದು ಹೇಗೆ?
– ಓದುಗರೊಬ್ಬರು, ಯಂಕಂಚಿ

ಉತ್ತರ: ಕಡಲಿನಿಂದ ಇಷ್ಟು ದೂರದಲ್ಲಿದ್ದು ಅದರ ತಳದ ಬಗ್ಗೆ ಕೇಳಿದ್ದೀರಿ, ಸಂತೋಷವಾಯಿತು. ಕೆಸರು ನಿರ್ಜೀವವಾಗಿ ಕೂತಿದೆ ಎಂದು ಅನಿಸುವುದು ಸಹಜ. ಆದರೆ ನಿಮ್ಮೂರಿನ ತಿಪ್ಪೆಯನ್ನು ನೆನಪಿಸಿಕೊಳ್ಳಿ. ಸಗಣಿ, ಕಸಕಡ್ಡಿ ಕೊಳೆಯುತ್ತಿರುವ ತಿಪ್ಪೆಯ ಮೇಲೆ ಮಳೆ ಬಿದ್ದರೆ ಬುಡದಿಂದ ಕಂದು ಬಣ್ಣದ ನೀರು ಬಸಿಯುತ್ತದೆ. ಕಡಲ ತಳದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಮೊದಲನೆಯದಾಗಿ, ತಳಕ್ಕೆ ಬೀಳುವುದೇನು? ಮೇಲಿನ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಮತ್ತು ಪ್ರಾಣಿಗಳು ಸತ್ತು ಕೆಳಗಿಳಿಯುತ್ತವೆ. ಜಲಚರಗಳ ಮಲವೂ, ನದಿಗಳು ತಂದ ಎಲೆ-ಬೇರುಗಳ ಚೂರೂ ಸೇರುತ್ತವೆ. ಇವುಗಳಲ್ಲಿರುವ ಇಂಗಾಲದ ಸಂಯುಕ್ತಗಳನ್ನೇ ಇಲ್ಲಿ ಸಾವಯವ ವಸ್ತು ಎನ್ನುತ್ತಾರೆ.

ಎರಡನೆಯದಾಗಿ, ಅದು ಕರಗುವುದು ಹೇಗೆ? ಕೆಸರಿನ ಬ್ಯಾಕ್ಟೀರಿಯಾಗಳಿಗೆ ಬಾಯಿಲ್ಲ. ದೊಡ್ಡ ಅಣುಗಳನ್ನು ಅವು ನೇರವಾಗಿ ಒಳಗೆ ಎಳೆದುಕೊಳ್ಳಲಾರವು. ಹಾಗಾಗಿ ಕಿಣ್ವಗಳನ್ನು ಹೊರಬಿಟ್ಟು ಅವನ್ನು ತುಂಡರಿಸಿ, ನಂತರ ಹೀರುತ್ತವೆ. ಹೀರದೆ ಉಳಿದ ತುಂಡುಗಳು ಕೆಸರಿನ ಕಣಗಳ ನಡುವಿನ ನೀರಿನಲ್ಲಿ ಕರಗಿ ಸೇರುತ್ತಾ ಹೋಗುತ್ತವೆ.

ಮೂರನೆಯದಾಗಿ, ಅದು ಮೇಲೆ ಬರುವುದು ಹೇಗೆ? ಕೆಸರಿನೊಳಗಿನ ನೀರಿನಲ್ಲಿ ಈ ವಸ್ತು ಹೆಚ್ಚು, ಮೇಲಿನ ಸಮುದ್ರದ ನೀರಿನಲ್ಲಿ ಕಡಿಮೆ. ಕರಗಿದ ವಸ್ತು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿಯೇ ಹರಡುತ್ತದೆ. ಬಿಲ ತೋಡುವ ಹುಳು, ಏಡಿಗಳು ಮತ್ತು ಆಳವಿಲ್ಲದ ಕಡೆ ಅಲೆಗಳು ಈ ಕೆಲಸವನ್ನು ಚುರುಕುಗೊಳಿಸುತ್ತವೆ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಕರಗಿದ್ದು ಎಂದರೆ ರಾಡಿ ಅಲ್ಲ. ರಾಡಿ ನೀರನ್ನು ಕೊಡದಲ್ಲಿ ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ. ಚಹಾ ಸೋಸಿದರೆ ಪುಡಿ ಜಾಲರಿಯಲ್ಲಿ ಉಳಿಯುತ್ತದೆ, ಬಣ್ಣ ಮತ್ತು ರುಚಿ ಕೆಳಗಿಳಿಯುತ್ತವೆ. ವಿಜ್ಞಾನಿಗಳೂ ಹೀಗೆಯೇ ಸೋಸುತ್ತಾರೆ. ಸಾಮಾನ್ಯವಾಗಿ 0.2ರಿಂದ 0.7 ಮೈಕ್ರಾನ್ ರಂಧ್ರಗಳ ಸೋಸುಹಾಳೆಯನ್ನು ದಾಟಿ ಬಂದದ್ದು ಅವರ ಲೆಕ್ಕದಲ್ಲಿ ಕರಗಿದ ವಸ್ತು.

ನಮ್ಮ ಕಾರವಾರದ ಕರಾವಳಿಯೂ ಸೇರಿರುವ ಪಶ್ಚಿಮ ತೀರದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮುಂಗಾರಿನ ತಿಂಗಳುಗಳಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ದಡದತ್ತ ಏರಿಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ತೀರಾ ಇಳಿದಿರುತ್ತದೆ. ಆಗ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಇಂಥ ಕೆಸರಿನಲ್ಲಿ ಕರಗಿದ ಸಾವಯವ ವಸ್ತು ಇನ್ನಷ್ಟು ಶೇಖರವಾಗುತ್ತದೆ. 1966ರಲ್ಲಿ ಆರಂಭವಾದ, ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ತೀರದ ಆಮ್ಲಜನಕದ ಕೊರತೆಯನ್ನು ದೀರ್ಘಕಾಲದಿಂದ ಅಳೆಯುತ್ತಿದ್ದಾರೆ.

ಹೊರಬಂದದ್ದು ಮುಂದೇನಾಗುತ್ತದೆ? ಒಂದಷ್ಟನ್ನು ಬ್ಯಾಕ್ಟೀರಿಯಾಗಳು ಬೇಗನೆ ತಿಂದು ಮುಗಿಸುತ್ತವೆ. ಜಗ್ಗದೆ ಉಳಿದ ಭಾಗ ಬಹುಕಾಲ ಬಾಳುತ್ತದೆ. ಆಳಸಮುದ್ರದ ಕರಗಿದ ಸಾವಯವ ಇಂಗಾಲದ ಸರಾಸರಿ ವಯಸ್ಸು ಸುಮಾರು 4,000ದಿಂದ 6,000 ವರ್ಷ. ಎಲ್ಲ ಸಾಗರಗಳಲ್ಲಿ ಕರಗಿರುವ ಸಾವಯವ ಇಂಗಾಲ ಒಟ್ಟು ಸುಮಾರು 66,000 ಕೋಟಿ ಟನ್. ಇದಕ್ಕೆ ಕೆಸರಿನ ಪಾಲೂ ಸೇರುವುದರಿಂದ, ಭೂಮಿಯ ಇಂಗಾಲದ ಲೆಕ್ಕ ಬರೆಯುವವರು ತಳದ ಕೆಸರನ್ನು ಬಿಡಲಾಗದು.

ನಿಮ್ಮ ಹೊಲಕ್ಕೂ ಇದರಲ್ಲಿ ಪಾಲಿದೆ. ನಿಮ್ಮ ಸಿಂದಗಿ ಸೀಮೆಯ ಮಳೆನೀರು ಭೀಮಾ, ಡೋಣಿ ನದಿಗಳ ಮೂಲಕ ಕೃಷ್ಣೆಗೆ ಸೇರುತ್ತದೆ. ಜೊತೆಗೆ ಹೋದ ಎರೆಮಣ್ಣಿನ ಬಹುಪಾಲು ಶ್ರೀಶೈಲ, ನಾಗಾರ್ಜುನಸಾಗರದಂಥ ಜಲಾಶಯಗಳಲ್ಲಿ ಕೂತುಬಿಡುತ್ತದೆ. ಆ ಮಣ್ಣಿನಿಂದ ಕರಗಿ ಬಂದದ್ದನ್ನು ಅಣೆಕಟ್ಟು ತಡೆಯಲಾರದು. ಅದರಲ್ಲಿ ಒಂದಂಶ ನೀರಿನೊಂದಿಗೆ ಬಂಗಾಳಕೊಲ್ಲಿಯನ್ನು ಮುಟ್ಟುತ್ತದೆ.